ಜಿಟಿಕೆ 3ರ ಅಪ್ಲಿಕೇಶನ್‌ಗೆ ಮುಂದಿನ ದಾರಿ: ಅಲ್ಲೇ ಉಳಿಯುವುದೋ, 4ಕ್ಕೆ ಬರುವುದೋ, ಕ್ಯೂಟಿಗೆ ಹೋಗುವುದೋ?

ಜಿಟಿಕೆ ಎಂದರೆ ವಿಂಡೋ, ಬಟನ್, ಮೆನುಗಳನ್ನು ಕಟ್ಟಲು ಬಳಸುವ ಟೂಲ್‌ಕಿಟ್. ಜಿಟಿಕೆ 3 ಹೊರಬಂದದ್ದು 2011ರ ಫೆಬ್ರುವರಿಯಲ್ಲಿ, ಜಿಟಿಕೆ 4 ಬಂದದ್ದು 2020ರ ಡಿಸೆಂಬರ್‌ನಲ್ಲಿ. ಆ ನಡುವೆ ಬರೆದ ಡೆಸ್ಕ್‌ಟಾಪ್ ಅಪ್ಲಿಕೇಶನ್‌ಗಳಲ್ಲಿ ಹಲವು ಇಂದಿಗೂ ಜಿಟಿಕೆ 3ರ ಕೊನೆಯ ಸರಣಿಯಾದ 3.24ರ ಮೇಲೆ ತೊಂದರೆಯಿಲ್ಲದೆ ಓಡುತ್ತಿವೆ. ಅವನ್ನು ನೋಡಿಕೊಳ್ಳುವವರ ಮುಂದೆ ನಾಲ್ಕು ದಾರಿಗಳಿವೆ. ಜಿಟಿಕೆ 3ರಲ್ಲೇ ಉಳಿಯಬಹುದು. ಪರದೆಗಳ ರೂಪ ಬದಲಿಸದೆ ಕೋಡನ್ನು ಮಾತ್ರ ಜಿಟಿಕೆ 4ಕ್ಕೆ ತರಬಹುದು. ಜಿಟಿಕೆ 4ರ ಜೊತೆಗೆ ಗ್ನೋಮ್ ಡೆಸ್ಕ್‌ಟಾಪ್‌ನ ವಿನ್ಯಾಸದ ಲೈಬ್ರರಿಯಾದ ಲಿಬ್‌ಅದ್ವೈತ ಸೇರಿಸಿ ಪರದೆಗಳನ್ನೇ ಹೊಸದಾಗಿ ಕಟ್ಟಬಹುದು. ಇಲ್ಲವೇ ಇಂಟರ್‌ಫೇಸ್ ಭಾಗವನ್ನು ಪೂರ್ತಿ ಕ್ಯೂಟಿ 6 ಎಂಬ ಬೇರೊಂದು ಟೂಲ್‌ಕಿಟ್‌ನಲ್ಲಿ ಬರೆಯಬಹುದು.

ಯಾವುದು ಸರಿ ಎಂಬುದು ಆವೃತ್ತಿಯ ಸಂಖ್ಯೆ ನೋಡಿದರೆ ತಿಳಿಯುವುದಿಲ್ಲ. ನಿಮ್ಮ ಕೋಡ್ ಜಿಟಿಕೆಯ ಯಾವ ಭಾಗಗಳನ್ನು ಮುಟ್ಟಿದೆ, ಎಷ್ಟು ಕಡೆ ಮುಟ್ಟಿದೆ ಎಂಬುದೇ ನಿರ್ಣಾಯಕ. 4ಕ್ಕೆ ಬರುವುದೆಂದು ತೀರ್ಮಾನಿಸಿದರೆ ಬಹುಪಾಲು ಕೆಲಸವನ್ನು ಜಿಟಿಕೆ 3ರಲ್ಲಿದ್ದುಕೊಂಡೇ ಮುಗಿಸಬೇಕು. ಕಾರಣ ಸರಳ: ಒಂದೇ ಪ್ರೊಸೆಸ್‌ನಲ್ಲಿ ಜಿಟಿಕೆ 3 ಮತ್ತು 4 ಎರಡನ್ನೂ ಲೋಡ್ ಮಾಡಲಾಗದು. ಹಳೆಯ ಜಿಟಿಕೆಯ ಸಿಂಬಲ್‌ಗಳು ಕಂಡೊಡನೆ ಜಿಟಿಕೆ 4 ಎರರ್ ತೋರಿಸಿ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಹಾಗಾಗಿ ಈ ತಿಂಗಳು ಸೆಟ್ಟಿಂಗ್ಸ್ ವಿಂಡೋ, ಮುಂದಿನ ತಿಂಗಳು ಮುಖ್ಯ ವಿಂಡೋ ಎಂದು ಕಂತಿನಲ್ಲಿ ಸಾಗಿಸುವ ಅವಕಾಶವಿಲ್ಲ. ದಾಟುವ ದಿನ ಎಲ್ಲವೂ ಒಟ್ಟಿಗೇ ದಾಟಬೇಕು. ಅಂದು ಹೊರುವ ಹೊರೆ ಆದಷ್ಟು ಹಗುರವಾಗಿರಬೇಕು.

## ಮೊದಲು ಎಣಿಕೆ

ಸೋರ್ಸ್ ಫೋಲ್ಡರ್‌ನಲ್ಲಿ ಪಠ್ಯ ಹುಡುಕುವ ಗ್ರೆಪ್ ಕಮಾಂಡ್ ಓಡಿಸಿ, ಕೆಲವು ಹೆಸರುಗಳು ಎಷ್ಟು ಕಡೆ ಬಂದಿವೆ ಎಂದು ಬರೆದಿಟ್ಟುಕೊಳ್ಳಿ. ಎಲ್ಲ ಹೆಸರಿಗೂ ಒಂದೇ ತೂಕವಿಲ್ಲ. 'ಕಂಟೇನರ್ ಆ್ಯಡ್', 'ಬಾಕ್ಸ್ ಪ್ಯಾಕ್ ಸ್ಟಾರ್ಟ್', 'ಶೋ ಆಲ್', 'ಎಂಟ್ರಿ ಗೆಟ್ ಟೆಕ್ಸ್ಟ್' ಸಾವಿರ ಕಡೆ ಇದ್ದರೂ ಹೆದರಬೇಕಿಲ್ಲ. ಅವನ್ನು ಬದಲಿಸುವುದು ಬೇಸರದ ಕೆಲಸ, ಆದರೆ ಕಷ್ಟದ್ದಲ್ಲ.

ತೂಕದ ಹೆಸರುಗಳು ಬೇರೆ. 'ಡೈಲಾಗ್ ರನ್' ಇಪ್ಪತ್ತು ಕಡೆ ಇದ್ದರೆ ಆ ಇಪ್ಪತ್ತೂ ಕಡೆ ಪ್ರೋಗ್ರಾಮ್‌ನ ಹರಿವನ್ನು ಬಿಚ್ಚಿ ಮತ್ತೆ ಕಟ್ಟಬೇಕು. 'ಬಟನ್-ಪ್ರೆಸ್-ಇವೆಂಟ್', 'ಕೀ-ಪ್ರೆಸ್-ಇವೆಂಟ್' ತರಹದ, 'ಇವೆಂಟ್' ಎಂದು ಮುಗಿಯುವ ಸಿಗ್ನಲ್‌ಗಳು, 'ಡ್ರಾ' ಸಿಗ್ನಲ್, 'ಜಿಡಿಕೆ ವಿಂಡೋ' ಬಳಕೆ, ಕೈಯಾರೆ ಕಟ್ಟಿದ ಮೆನುಗಳು, ಕ್ಲಿಪ್‌ಬೋರ್ಡ್‌ನಿಂದ ಕಾದು ಓದುವ ಕರೆಗಳು, ಡ್ರ್ಯಾಗ್ ಆ್ಯಂಡ್ ಡ್ರಾಪ್ ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. 'ಟ್ರೀ ವ್ಯೂ' ಎಷ್ಟಿವೆ ಎಂದೂ ಎಣಿಸಿ, ಆದರೆ ಆ ಸಂಖ್ಯೆಯನ್ನು ಬೇರೆಯಾಗಿಡಿ. ಅದರ ಕೆಲಸ ಈಗಲೇ ಬರುವುದಿಲ್ಲ.

ಮೂರನೆಯದು ಜಿಟಿಕೆ 4ರಲ್ಲಿ ಬದಲಿಯೇ ಇಲ್ಲದ ಸಂಗತಿಗಳ ಪಟ್ಟಿ. 'ಸ್ಟೇಟಸ್ ಐಕಾನ್' ಹೋಗಿದೆ; ಸಿಸ್ಟಮ್ ಟ್ರೇಗೆ ಟೂಲ್‌ಕಿಟ್‌ನೊಳಗೆ ಏನೂ ಉಳಿದಿಲ್ಲ. ಬೇರೆ ಪ್ರೊಸೆಸ್‌ನ ವಿಂಡೋವನ್ನು ತನ್ನೊಳಗೆ ಕೂರಿಸಿಕೊಳ್ಳುತ್ತಿದ್ದ 'ಸಾಕೆಟ್', 'ಪ್ಲಗ್' ಹೋಗಿವೆ. ವಿಂಡೋವನ್ನು ಪರದೆಯ ಇಂಥದೇ ಜಾಗಕ್ಕೆ ಸರಿಸುವುದು, ಎಲ್ಲದರ ಮೇಲೆ ನಿಲ್ಲಿಸುವುದು, ಇರುವ ಜಾಗವನ್ನು ಕೇಳಿ ತಿಳಿಯುವುದು ಇವೂ ಇಲ್ಲ, ಏಕೆಂದರೆ ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಇಂಥ ಅಧಿಕಾರವನ್ನು ಅಪ್ಲಿಕೇಶನ್‌ಗೆ ಕೊಡುವುದಿಲ್ಲ. ನಿಮ್ಮ ಅಪ್ಲಿಕೇಶನ್‌ನ ಮುಖ್ಯ ಉಪಯೋಗವೇ ಇವುಗಳಲ್ಲಿ ಒಂದರ ಮೇಲೆ ನಿಂತಿದ್ದರೆ ಉಳಿದ ಹೋಲಿಕೆಗೆ ಅರ್ಥವಿಲ್ಲ: ಜಿಟಿಕೆ 3 ಅಥವಾ ಕ್ಯೂಟಿ, ಇವೆರಡರಲ್ಲೇ ಆಯ್ಕೆ.

ಕೊನೆಗೆ ನೀವು ಅವಲಂಬಿಸಿರುವ ಲೈಬ್ರರಿಗಳು. ಜಿಟಿಕೆಯನ್ನು ಮುಟ್ಟುವ ಪ್ರತಿಯೊಂದಕ್ಕೂ 4ರ ಜೋಡಿ ಬೇಕು. ಕೋಡ್ ತಿದ್ದುವ ಪೆಟ್ಟಿಗೆ ಕೊಡುವ ಜಿಟಿಕೆ ಸೋರ್ಸ್‌ವ್ಯೂನ 4ನೇ ಆವೃತ್ತಿ ಜಿಟಿಕೆ 3ಕ್ಕೆ, ಅದರ ಬದಲಿಗೆ 5 ಇದೆ. ವೆಬ್‌ಕಿಟ್‌ಗೆ 6.0 ಎಂಬ ಎಪಿಐ ಇದೆ. ವಿಟಿಇ ಟರ್ಮಿನಲ್ ವಿಜೆಟ್‌ಗೆ (ವಿಜೆಟ್ ಎಂದರೆ ಬಟನ್, ಪಟ್ಟಿಯಂಥ ಪರದೆಯ ಒಂದು ಘಟಕ) ಜಿಟಿಕೆ 4ರ ಬಿಲ್ಡ್ ಬೇರೆಯಾಗಿಯೇ ಸಿಗುತ್ತದೆ. ಕಾಗುಣಿತ ತಿದ್ದುವ ಜಿಸ್ಪೆಲ್‌ನ ಜಾಗಕ್ಕೆ ಲಿಬ್‌ಸ್ಪೆಲ್ಲಿಂಗ್, ಲಿಬ್‌ಹ್ಯಾಂಡಿಯ ಜಾಗಕ್ಕೆ ಲಿಬ್‌ಅದ್ವೈತ ಬಂದಿವೆ. ಟ್ರೇ ಐಕಾನ್‌ಗೆಂದು ಬಳಸುತ್ತಿದ್ದ ಲಿಬ್‌ಆ್ಯಪ್‌ಇಂಡಿಕೇಟರ್ ತನ್ನ ಮೆನುವಿಗೆ ಜಿಟಿಕೆ 3ರ ಮೆನು ವಿಜೆಟನ್ನೇ ಕೇಳುತ್ತದೆ. ಅದನ್ನು ಜಿಟಿಕೆ 4ರ ಪ್ರೋಗ್ರಾಮ್‌ಗೆ ಲಿಂಕ್ ಮಾಡಿದರೆ ಮೇಲೆ ಹೇಳಿದ ಎರರ್ ಬಂದು ಎಲ್ಲವೂ ನಿಲ್ಲುತ್ತದೆ. ಪಟ್ಟಿಯಲ್ಲಿ ಒಂದೇ ಒಂದು ಲೈಬ್ರರಿಗೆ ಜೋಡಿ ಸಿಗದಿದ್ದರೂ ಅದು ಬರುವ ತನಕ ದಾಟಲಾಗದು. ಇದನ್ನು ಮೊದಲ ದಿನವೇ ನೋಡಿ.

## ಜಿಟಿಕೆ 3ರಲ್ಲೇ ಉಳಿಯುವುದು

ಇದು ಸೋಮಾರಿತನದ ಆಯ್ಕೆಯಲ್ಲ. ಜಿಟಿಕೆ 2ರ ನಿರ್ವಹಣೆ ಮುಗಿದದ್ದು 4 ಬಂದಾಗ. ಅದೇ ಕ್ರಮದಲ್ಲಿ 3ರ ನಿರ್ವಹಣೆ 5 ಬರುವವರೆಗೆ ನಡೆಯುತ್ತದೆ ಎಂಬುದು ಜಿಟಿಕೆ ತಂಡದ ನೀತಿ. ಚಿತ್ರ ತಿದ್ದುವ ಸಾಧನ ಜಿಂಪ್‌ನ 3.0 ಬಿಡುಗಡೆಯಾದದ್ದು 2025ರ ಮಾರ್ಚ್‌ನಲ್ಲಿ, ಅದೂ ಜಿಟಿಕೆ 2ರಿಂದ 3ಕ್ಕೆ ದಾಟಿ. ಜಿಟಿಕೆ 4 ಬಂದು ನಾಲ್ಕು ವರ್ಷ ಕಳೆದ ಮೇಲೂ ಅಷ್ಟು ದೊಡ್ಡ ಯೋಜನೆ 3ರ ಮೇಲೆ ನಿಂತಿತು ಎಂದರೆ ಆ ನೆಲ ಸದ್ಯಕ್ಕೆ ಕುಸಿಯುವಂಥದಲ್ಲ.

ಆದರೆ 3ಕ್ಕೆ ಈಗ ಬರುವುದು ದೋಷ ಪರಿಹಾರಗಳು ಮಾತ್ರ. ಹೊಸ ವಿಜೆಟ್ ಇಲ್ಲ, ಹೊಸ ರೆಂಡರರ್ (ಪರದೆಯ ಚಿತ್ರ ತಯಾರಿಸುವ ಭಾಗ) ಇಲ್ಲ. ಸುತ್ತಲಿನ ಲೈಬ್ರರಿಗಳು ಇದಕ್ಕಿಂತ ಬೇಗ ಕೈಬಿಡುತ್ತವೆ ಎಂಬುದೇ ನಿಜವಾದ ಅಪಾಯ. ರಸ್ಟ್ ಭಾಷೆಯಲ್ಲಿ ಬರೆದವರಿಗೆ ಆ ದಿನ ಬಂದೇಬಿಟ್ಟಿದೆ: ಜಿಟಿಕೆ 3ನ್ನು ರಸ್ಟ್‌ನಿಂದ ಬಳಸಲು ಬೇಕಾದ ಬೈಂಡಿಂಗ್‌ಗಳ ನಿರ್ವಹಣೆ 2024ರಲ್ಲಿ ನಿಂತಿದೆ. ಅವರು 'ಉಳಿಯುವುದು' ಎಂಬ ದಾರಿಯನ್ನು ಪಟ್ಟಿಯಿಂದ ತೆಗೆಯುವುದೇ ಒಳ್ಳೆಯದು. ಸಿ, ಸಿ ಪ್ಲಸ್ ಪ್ಲಸ್, ಪೈಥಾನ್‌ನವರಿಗೆ ಇಷ್ಟು ಒತ್ತಡವಿಲ್ಲ.

ಉಳಿಯುವುದಾದರೂ ಮುಂದಿನ ಭಾಗದಲ್ಲಿ ಬರುವ ಸಿದ್ಧತೆಯನ್ನು ಮಾಡಿಡಿ. ಅದರಿಂದ 3ರಲ್ಲಿರುವ ಕೋಡ್ ಕೂಡ ಸುಧಾರಿಸುತ್ತದೆ, ಮುಂದೆ ಮನಸ್ಸು ಬದಲಾದರೆ ಶ್ರಮ ವ್ಯರ್ಥವಾಗದು.

## ಜಿಟಿಕೆ 4ಕ್ಕೆ ನೇರವಾಗಿ: ದಾಟುವ ಮುನ್ನ

ಮೊದಲು 3.24ರ ಕೊನೆಯ ಬಿಡುಗಡೆಗೆ ಬನ್ನಿ. 'ಜಿಟಿಕೆ ಡಿಸೇಬಲ್ ಡೆಪ್ರಿಕೇಟೆಡ್', 'ಜಿಡಿಕೆ ಡಿಸೇಬಲ್ ಡೆಪ್ರಿಕೇಟೆಡ್' ಎಂಬ ಎರಡು ಮ್ಯಾಕ್ರೋಗಳನ್ನು ಡಿಫೈನ್ ಮಾಡಿ ಕಂಪೈಲ್ ಮಾಡಿ. ಬಂದ ಎರರ್‌ಗಳನ್ನೆಲ್ಲ ಸರಿಪಡಿಸಿ. ಇಷ್ಟಾದ ಮೇಲೆ ಎಲ್ಲ ಸಿದ್ಧವಾಯಿತು ಎಂದುಕೊಂಡು ಹಲವರು ಮೋಸಹೋಗುತ್ತಾರೆ. 'ಕಂಟೇನರ್ ಆ್ಯಡ್', 'ಡೈಲಾಗ್ ರನ್', ಮೆನು ವಿಜೆಟ್‌ಗಳು, 'ಇವೆಂಟ್ ಬಾಕ್ಸ್' ಯಾವುವೂ ಜಿಟಿಕೆ 3ರಲ್ಲಿ ಡೆಪ್ರಿಕೇಟೆಡ್ (ಮುಂದೆ ತೆಗೆಯುವುದೆಂದು ಗುರುತಿಸಿದ್ದು) ಅಲ್ಲ, ಆದರೂ 4ರಲ್ಲಿ ಇಲ್ಲ. ಕಂಪೈಲರ್ ಸುಮ್ಮನಿದೆ ಎಂದರೆ ದಾಟಲು ಸಿದ್ಧ ಎಂದಲ್ಲ. ಅದಕ್ಕೇ ಮೇಲಿನ ಎಣಿಕೆ ಬೇಕು.

ಡೈಲಾಗ್‌ಗಳು. 'ಡೈಲಾಗ್ ರನ್' ತನ್ನೊಳಗೆ ಇನ್ನೊಂದು ಮೇನ್ ಲೂಪ್ ಓಡಿಸಿ ಉತ್ತರ ಬರುವ ತನಕ ಕಾಯುತ್ತಿತ್ತು. 4ರಲ್ಲಿ ಆ ಫಂಕ್ಷನ್ ಇಲ್ಲ. ಡೈಲಾಗ್ ತೋರಿಸಿ, 'ರೆಸ್ಪಾನ್ಸ್' ಸಿಗ್ನಲ್‌ಗೆ ಕಾಲ್‌ಬ್ಯಾಕ್ (ಉತ್ತರ ಬಂದಾಗ ಓಡುವ ಫಂಕ್ಷನ್) ಕೊಟ್ಟು, ಫಂಕ್ಷನ್‌ನಿಂದ ಹೊರಬರಬೇಕು. ಇದನ್ನು 3ರಲ್ಲೇ ಮಾಡಬಹುದು. ಇಲ್ಲಿ ಕೆಡುವುದು ಮೂರು ಕಡೆ. ಕಾಲ್‌ಬ್ಯಾಕ್‌ಗೆ ಸ್ಟ್ಯಾಕ್‌ನಲ್ಲಿರುವ ವೇರಿಯೇಬಲ್‌ನ ಪಾಯಿಂಟರ್ ಕೊಟ್ಟರೆ, ಉತ್ತರ ಬರುವ ಹೊತ್ತಿಗೆ ಆ ಫಂಕ್ಷನ್ ಮುಗಿದು ಪಾಯಿಂಟರ್ ಕಸವನ್ನು ತೋರಿಸುತ್ತಿರುತ್ತದೆ. ಡೈಲಾಗನ್ನು ಮೋಡಲ್ (ಅದು ಮುಚ್ಚುವ ತನಕ ಹಿಂದಿನ ವಿಂಡೋ ಒತ್ತಲು ಬಾರದಂತೆ) ಮಾಡದಿದ್ದರೆ ಬಳಕೆದಾರರು ಅದೇ ಬಟನ್ ಎರಡು ಸಲ ಒತ್ತಿ ಎರಡು ಡೈಲಾಗ್ ತೆರೆಯುತ್ತಾರೆ. ಮೂರನೆಯದು 'ಉಳಿಸದೆ ಮುಚ್ಚಬೇಕೇ?' ಎಂದು ಕೇಳುವ ಜಾಗ. ಹಳೆಯ ಕೋಡ್ 'ಡಿಲೀಟ್-ಇವೆಂಟ್'ನೊಳಗೇ ಉತ್ತರ ಪಡೆದು ಅದರ ಪ್ರಕಾರ ನಿಜ ಅಥವಾ ಸುಳ್ಳು ಹಿಂತಿರುಗಿಸುತ್ತಿತ್ತು. ಹೊಸ ಕ್ರಮದಲ್ಲಿ ಯಾವಾಗಲೂ ನಿಜವನ್ನೇ ಹಿಂತಿರುಗಿಸಿ ಮುಚ್ಚುವಿಕೆಯನ್ನು ತಡೆಯಬೇಕು, ಉತ್ತರ ಬಂದ ಮೇಲೆ ವಿಂಡೋವನ್ನು ನೀವೇ ನಾಶಮಾಡಬೇಕು. ದಾಟಿದ ಮೇಲೆ ಸಿಗ್ನಲ್‌ನ ಹೆಸರು 'ಕ್ಲೋಸ್-ರಿಕ್ವೆಸ್ಟ್' ಆಗುತ್ತದೆ, ತರ್ಕ ಹಾಗೆಯೇ ಉಳಿಯುತ್ತದೆ. ಬಳಕೆದಾರರ ಫೈಲ್ ಕಳೆದುಹೋಗಬಹುದಾದ ಜಾಗ ಇದು. ಬೇರೆಲ್ಲಕ್ಕಿಂತ ಮೊದಲು ಇದನ್ನೇ ಪರೀಕ್ಷಿಸಿ.

ಮೇನ್ ಲೂಪ್. 'ಜಿಟಿಕೆ ಮೇನ್' 4ರಲ್ಲಿ ಇಲ್ಲ. 'ಜಿಟಿಕೆ ಅಪ್ಲಿಕೇಶನ್' ಕ್ಲಾಸ್‌ಗೆ 3ರಲ್ಲೇ ಬನ್ನಿ. ಈ ಕ್ಲಾಸ್ ಸಹಜವಾಗಿ ಒಂದೇ ಪ್ರತಿಯನ್ನು ಓಡಗೊಡುತ್ತದೆ. ಎರಡನೆಯ ಸಲ ಪ್ರೋಗ್ರಾಮ್ ತೆರೆದರೆ ಮೊದಲನೆಯ ಪ್ರತಿಯ 'ಆ್ಯಕ್ಟಿವೇಟ್' ಮತ್ತೆ ಓಡುತ್ತದೆ. ಅಲ್ಲಿ ವಿಂಡೋ ಈಗಾಗಲೇ ಇದೆಯೇ ಎಂದು ನೋಡದೆ ಹೊಸದನ್ನು ಸೃಷ್ಟಿಸಿದರೆ ಒಂದೇ ಡೇಟಾದ ಮೇಲೆ ಎರಡು ವಿಂಡೋ ನಿಲ್ಲುತ್ತವೆ. ಪ್ರತ್ಯೇಕ ಪ್ರತಿಗಳೇ ಬೇಕಿದ್ದರೆ 'ನಾನ್ ಯುನೀಕ್' ಫ್ಲ್ಯಾಗ್ ಕೊಡಿ.

ಮೆನುಗಳು. 'ಜಿಮೆನು' ಮಾಡೆಲ್ ಮತ್ತು 'ಜಿಆ್ಯಕ್ಷನ್' 3ರಲ್ಲೂ ಇವೆ. ಮೆನುವನ್ನು ಮಾಡೆಲ್‌ಗೆ ಬದಲಿಸಿ, ಸದ್ಯಕ್ಕೆ ಅದರಿಂದಲೇ ಹಳೆಯ ಮೆನು ವಿಜೆಟ್ ಹುಟ್ಟಿಸಿ. ಮೆನುವಿನ ಸಾಲು ಬೂದು ಬಣ್ಣದಲ್ಲಿ ನಿಂತು ಒತ್ತಲು ಬಾರದಿದ್ದರೆ ಬಹುತೇಕ ಸಲ ಕಾರಣ ಒಂದೇ: ಆ್ಯಕ್ಷನ್‌ನ ಹೆಸರಿನ ಮುಂದೆ 'ಆ್ಯಪ್' ಅಥವಾ 'ವಿನ್' ಎಂಬ ಪೂರ್ವಪದ ತಪ್ಪಿರುತ್ತದೆ, ಇಲ್ಲವೇ ಆ ಆ್ಯಕ್ಷನ್ ಬೇರೆ ಗುಂಪಿಗೆ ಸೇರಿರುತ್ತದೆ. ಕೀಬೋರ್ಡ್ ಶಾರ್ಟ್‌ಕಟ್‌ಗಳನ್ನೂ 'ಆ್ಯಕ್ಸೆಲ್ ಗ್ರೂಪ್' ಬಿಟ್ಟು ಇದೇ ಆ್ಯಕ್ಷನ್‌ಗಳಿಗೆ ಅಪ್ಲಿಕೇಶನ್ ಮೂಲಕ ಕಟ್ಟಿ.

ಇವೆಂಟ್‌ಗಳು. ಮೌಸ್ ಚಲನೆ, ಸ್ಕ್ರಾಲ್, ಕೀಲಿಗಳಿಗೆ ಬೇಕಾದ ಇವೆಂಟ್ ಕಂಟ್ರೋಲರ್‌ಗಳು 3.24ರಲ್ಲೇ ಬಂದಿವೆ. ಕ್ಲಿಕ್‌ಗೆ 3ರಲ್ಲಿ 'ಜೆಸ್ಚರ್ ಮಲ್ಟಿಪ್ರೆಸ್' ಇದೆ, 4ರಲ್ಲಿ ಅದರ ಹೆಸರು 'ಜೆಸ್ಚರ್ ಕ್ಲಿಕ್'. ಇಲ್ಲೊಂದು ಬಲೆ ಇದೆ. 3ರಲ್ಲಿ ಕಂಟ್ರೋಲರ್‌ನ ರೆಫರೆನ್ಸ್ ನಿಮ್ಮದು, ಬಿಡಬೇಕಾದವರೂ ನೀವೇ. 4ರಲ್ಲಿ 'ವಿಜೆಟ್ ಆ್ಯಡ್ ಕಂಟ್ರೋಲರ್' ಕರೆದ ಕ್ಷಣ ಒಡೆತನ ವಿಜೆಟ್‌ಗೆ ಹೋಗುತ್ತದೆ. ಹಳೆಯ 'ಅನ್‌ರೆಫ್' ಸಾಲು ಉಳಿದಿದ್ದರೆ ವಿಂಡೋ ಮುಚ್ಚುವಾಗ ಪ್ರೋಗ್ರಾಮ್ ಕ್ರ್ಯಾಶ್ ಆಗುತ್ತದೆ, ಮತ್ತು ಕಾರಣ ಆ ಜಾಗದಲ್ಲಿ ಕಾಣುವುದಿಲ್ಲ. ಅಂಥ ಸಾಲುಗಳಿಗೆ ಈಗಲೇ ಕಾಮೆಂಟ್ ಹಾಕಿ ಗುರುತಿಸಿಡಿ.

ಕ್ಲಿಪ್‌ಬೋರ್ಡ್ ಓದುವಾಗ 'ವೇಟ್ ಫಾರ್ ಟೆಕ್ಸ್ಟ್' ಬಿಟ್ಟು 'ರಿಕ್ವೆಸ್ಟ್ ಟೆಕ್ಸ್ಟ್' ಬಳಸಿ. 4ರಲ್ಲಿರುವ ಅಸಿಂಕ್ ರೂಪಕ್ಕೆ ಅದು ಹತ್ತಿರ. ಫೈಲ್ ಆರಿಸುವಲ್ಲಿ 'ಫೈಲ್ ಚೂಸರ್ ನೇಟಿವ್'ಗೆ ಬನ್ನಿ. 'ಬಾಕ್ಸ್ ಪ್ಯಾಕ್ ಸ್ಟಾರ್ಟ್'ಗೆ ಕೊಟ್ಟ ಎಕ್ಸ್‌ಪ್ಯಾಂಡ್, ಫಿಲ್, ಪ್ಯಾಡಿಂಗ್ ಬೆಲೆಗಳನ್ನು ತೆಗೆದು ಅದೇ ಅರ್ಥವನ್ನು ಮಗು ವಿಜೆಟ್‌ನ ಎಚ್‌ಎಕ್ಸ್‌ಪ್ಯಾಂಡ್, ಅಲೈನ್, ಮಾರ್ಜಿನ್‌ಗಳಲ್ಲಿ ಬರೆಯಿರಿ. ಇಷ್ಟೆಲ್ಲ ಮಾಡಿದ ಮೇಲೂ ನಿಮ್ಮ ಅಪ್ಲಿಕೇಶನ್ ಜಿಟಿಕೆ 3ರಲ್ಲೇ ಓಡುತ್ತಿರುತ್ತದೆ. ಪ್ರತಿ ಹಂತವನ್ನೂ ಬಳಕೆದಾರರಿಗೆ ಬಿಡುಗಡೆ ಮಾಡಬಹುದು, ದೋಷವಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

## ದಾಟುವ ದಿನ

ಪರದೆಯ ವಿನ್ಯಾಸವನ್ನು ಬರೆದಿಟ್ಟ ಯುಐ ಫೈಲ್‌ಗಳಿದ್ದರೆ 'ಜಿಟಿಕೆ4-ಬಿಲ್ಡರ್-ಟೂಲ್ ಸಿಂಪ್ಲಿಫೈ' ಕಮಾಂಡನ್ನು '3ಟು4' ಆಯ್ಕೆಯೊಂದಿಗೆ ಓಡಿಸಿ. 'ರಿಪ್ಲೇಸ್' ಆಯ್ಕೆ ಕೊಟ್ಟರೆ ಅದೇ ಫೈಲ್‌ನ ಮೇಲೆ ಬರೆಯುತ್ತದೆ; ಮೊದಲು ಗಿಟ್‌ನಲ್ಲಿ ಕಮಿಟ್ ಮಾಡಿಡಿ. ಈ ಟೂಲ್ ಎಲ್ಲವನ್ನೂ ಮಾಡುವುದಿಲ್ಲ, ಸಿಕ್ಕ ಫಲಿತಾಂಶವನ್ನು ಸಾಲು ಸಾಲಾಗಿ ಓದಬೇಕು. ಈ ಫೈಲ್‌ಗಳನ್ನು ತಿದ್ದುವ ಹಳೆಯ ಸಾಧನ ಗ್ಲೇಡ್ ಜಿಟಿಕೆ 4ರ ಫೈಲ್ ತೆರೆಯಲಾರದು. ಚಿತ್ರರೂಪದಲ್ಲಿ ತಿದ್ದಲು ಕ್ಯಾಂಬಲಾಚೆ ಇದೆ, ಪಠ್ಯರೂಪದಲ್ಲಿ ಬರೆಯಲು ಬ್ಲೂಪ್ರಿಂಟ್ ಇದೆ. ದೊಡ್ಡ ಯೋಜನೆಗೆ ಬ್ಲೂಪ್ರಿಂಟ್ ಒಳ್ಳೆಯದು: ಬದಲಾವಣೆಗಳು ಡಿಫ್‌ನಲ್ಲಿ ಓದುವಂತಿರುತ್ತವೆ.

ಕಾಣುವಿಕೆಯ ನಿಯಮ ತಲೆಕೆಳಗಾಗಿದೆ. 3ರಲ್ಲಿ ವಿಜೆಟ್ ಹುಟ್ಟುವಾಗ ಮರೆಯಲ್ಲಿರುತ್ತಿತ್ತು, 'ಶೋ ಆಲ್' ಅದನ್ನು ತೋರಿಸುತ್ತಿತ್ತು. 4ರಲ್ಲಿ ಹುಟ್ಟಿದ ಕೂಡಲೇ ಕಾಣುತ್ತದೆ. ವಿಂಡೋ ಮತ್ತು ಪಾಪ್‌ಓವರ್ ಮಾತ್ರ ಹೊರತು. ಹಾಗಾಗಿ 'ನೋ ಶೋ ಆಲ್' ಹಾಕಿ ಅಡಗಿಸಿಟ್ಟಿದ್ದ ಎರರ್ ಪಟ್ಟಿ, ಪ್ರೋಗ್ರೆಸ್ ಬಾರ್‌ಗಳೆಲ್ಲ ಮೊದಲ ಓಟದಲ್ಲೇ ಪರದೆಯ ಮೇಲೆ ಬಂದು ನಿಲ್ಲುತ್ತವೆ. ಪ್ರತಿಯೊಂದಕ್ಕೂ ವಿಸಿಬಲ್ ಸುಳ್ಳು ಎಂದು ಸ್ಪಷ್ಟವಾಗಿ ಕೊಡಿ.

ವಿಂಡೋದೊಳಗಿನ ಜಾಗದ ಹಂಚಿಕೆಯಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆ ಎಂದರೆ ಪಕ್ಕದ ಪಟ್ಟಿ ಇದ್ದಕ್ಕಿದ್ದಂತೆ ಅರ್ಧ ವಿಂಡೋ ಆಕ್ರಮಿಸುವುದು. ಒಳಗಿನ ಯಾವುದೋ ಎಂಟ್ರಿಗೆ ಕೊಟ್ಟ ಎಚ್‌ಎಕ್ಸ್‌ಪ್ಯಾಂಡ್ ಮೇಲಿನ ಕಂಟೇನರ್‌ಗಳಿಗೆಲ್ಲ ಏರುತ್ತಾ ಹೋಗುತ್ತದೆ. ಹಳೆಯ ಪ್ಯಾಕಿಂಗ್ ಬೆಲೆಗಳಿಗೆ ಈ ಗುಣ ಇರಲಿಲ್ಲ. ಏರಿಕೆ ಎಲ್ಲಿ ನಿಲ್ಲಬೇಕೋ ಆ ಬಾಕ್ಸ್‌ಗೆ ಎಚ್‌ಎಕ್ಸ್‌ಪ್ಯಾಂಡ್ ಸುಳ್ಳು ಎಂದು ಬರೆದರೆ ಸರಿಯಾಗುತ್ತದೆ. 'ಪ್ಯಾಕ್ ಎಂಡ್' ಇದ್ದ ಕಡೆ ಮಕ್ಕಳ ಕ್ರಮ ತಿರುಗಿಸಿ 'ಅಪೆಂಡ್' ಮಾಡಿ, ಇಲ್ಲದಿದ್ದರೆ 'ಸರಿ', 'ರದ್ದು' ಬಟನ್‌ಗಳು ಜಾಗ ಅದಲುಬದಲಾಗುತ್ತವೆ. ಚಿತ್ರಗಳು ಚಿಕ್ಕ ಐಕಾನ್‌ನಷ್ಟಕ್ಕೆ ಕುಗ್ಗಿದ್ದರೆ 'ಇಮೇಜ್' ಬದಲು 'ಪಿಕ್ಚರ್' ವಿಜೆಟ್ ಬಳಸಬೇಕು. 4ರಲ್ಲಿ 'ಇಮೇಜ್' ಐಕಾನ್‌ಗೆ ಮೀಸಲು. ರೇಡಿಯೋ ಬಟನ್ ಈಗ 'ಚೆಕ್ ಬಟನ್', ಗುಂಪು ಕಟ್ಟಿದರೆ ರೇಡಿಯೋ ಆಗುತ್ತದೆ.

ಕೀಬೋರ್ಡ್ ಕಂಟ್ರೋಲರನ್ನು ವಿಂಡೋಗೆ ಹಾಕಿದ್ದೀರಿ, ಆದರೆ ಪಠ್ಯ ಪೆಟ್ಟಿಗೆಯಲ್ಲಿ ಕರ್ಸರ್ ಇದ್ದಾಗ ಕೀಲಿ ತಲುಪುತ್ತಿಲ್ಲವೇ? ಕಂಟ್ರೋಲರ್ ಸಹಜವಾಗಿ 'ಬಬಲ್' ಹಂತದಲ್ಲಿರುತ್ತದೆ; ಅಷ್ಟರಲ್ಲಿ ಒಳಗಿನ ವಿಜೆಟ್ ಕೀಲಿಯನ್ನು ನುಂಗಿರುತ್ತದೆ. 'ಕ್ಯಾಪ್ಚರ್' ಹಂತಕ್ಕೆ ಬದಲಿಸಿ. ಆದರೆ ಅಲ್ಲಿ ಎಲ್ಲ ಕೀಲಿಗೂ ನಿಜ ಹಿಂತಿರುಗಿಸಿದರೆ ಟೈಪ್ ಮಾಡುವುದೇ ನಿಂತುಹೋಗುತ್ತದೆ, ನಿಮಗೆ ಬೇಕಾದ ಕೀಲಿಗೆ ಮಾತ್ರ ಹಾಗೆ ಮಾಡಿ.

'ವಿಜೆಟ್ ಡೆಸ್ಟ್ರಾಯ್' ಹೋಗಿದೆ. ವಿಂಡೋಗೆ 'ವಿಂಡೋ ಡೆಸ್ಟ್ರಾಯ್', ಬಾಕ್ಸ್‌ನ ಮಗುವಿಗೆ 'ಬಾಕ್ಸ್ ರಿಮೂವ್'. ಮಕ್ಕಳನ್ನು ಒಂದೊಂದಾಗಿ ತೆಗೆಯುವ ಲೂಪ್‌ನಲ್ಲಿ ಮುಂದಿನ ಮಗುವಿನ ಪಾಯಿಂಟರನ್ನು ತೆಗೆಯುವ ಮುನ್ನವೇ ಹಿಡಿದಿಟ್ಟುಕೊಳ್ಳಿ. ನೀವೇ ಬರೆದ ವಿಜೆಟ್ ತನ್ನ ಮಕ್ಕಳನ್ನು 'ಡಿಸ್ಪೋಸ್'ನಲ್ಲಿ 'ಅನ್‌ಪೇರೆಂಟ್' ಮಾಡಲೇಬೇಕು. ಮರೆತರೆ 'ಇನ್ನೂ ಮಕ್ಕಳು ಉಳಿದಿವೆ' ಎಂಬರ್ಥದ ಎಚ್ಚರಿಕೆ ಟರ್ಮಿನಲ್‌ನಲ್ಲಿ ಬರುತ್ತದೆ. 'ಲೇಬಲ್', 'ಇಮೇಜ್'ನಂಥ ಕ್ಲಾಸ್‌ಗಳಿಂದ ಹೊಸ ಕ್ಲಾಸ್ ಹುಟ್ಟಿಸುವುದನ್ನು 4 ಬಿಡುವುದಿಲ್ಲ, ಅವನ್ನು ಒಳಗೆ ಇಟ್ಟುಕೊಂಡ ಹೊಸ ವಿಜೆಟ್ ಬರೆಯಬೇಕು.

## ಚಿತ್ರ ಬರೆಯುವ ಕೋಡ್ ಇದ್ದವರಿಗೆ

ಗ್ರಾಫ್, ನಕ್ಷೆ, ಧ್ವನಿಯ ಅಲೆ ಮುಂತಾದವನ್ನು ಕೈರೋ ಎಂಬ ರೇಖಾಚಿತ್ರದ ಲೈಬ್ರರಿಯಿಂದ ಬರೆಯುವ ಅಪ್ಲಿಕೇಶನ್‌ಗಳು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮೇಲ್ನೋಟಕ್ಕೆ ಬದಲಾವಣೆ ಚಿಕ್ಕದು: 'ಡ್ರಾ' ಸಿಗ್ನಲ್ ಬದಲು ಡ್ರಾಯಿಂಗ್ ಏರಿಯಾಗೆ 'ಸೆಟ್ ಡ್ರಾ ಫಂಕ್'. ನಿಮ್ಮ ಕೈರೋ ಕೋಡ್ ಬಹುತೇಕ ಹಾಗೆಯೇ ಉಳಿಯುತ್ತದೆ. ಆದರೆ ಒಳಗಿನ ವ್ಯವಸ್ಥೆ ಬೇರೆಯಾಗಿದೆ. 4ರಲ್ಲಿ ಪ್ರತಿ ವಿಜೆಟ್ ರೆಂಡರ್ ನೋಡ್‌ಗಳನ್ನು ಕೊಡುತ್ತದೆ, ಅವನ್ನು ಜಿಪಿಯು ಜೋಡಿಸುತ್ತದೆ. ಕೈರೋದಲ್ಲಿ ಬರೆದದ್ದು ಸಿಪಿಯುನಲ್ಲಿ ತಯಾರಾಗಿ ಟೆಕ್ಸ್‌ಚರ್ ಆಗಿ ಜಿಪಿಯುಗೆ ಸಾಗುತ್ತದೆ. ಒಂದು ಮೂಲೆಯನ್ನು ಮಾತ್ರ ಮತ್ತೆ ಬರೆಯುವ 'ಕ್ಯೂ ಡ್ರಾ ಏರಿಯಾ' ಈಗ ಇಲ್ಲ. ದೊಡ್ಡ ಕ್ಯಾನ್ವಾಸ್‌ನಲ್ಲಿ ಒಂದು ಸೂಜಿಯಷ್ಟು ಗೆರೆ ಅಲುಗಿದರೂ ಪೂರ್ತಿ ಚಿತ್ರ ಮತ್ತೆ ತಯಾರಾಗುತ್ತದೆ, 3ಕ್ಕಿಂತ ನಿಧಾನವಾಗಬಹುದು.

ಪರಿಹಾರ: ಅಲುಗದ ಹಿನ್ನೆಲೆಯನ್ನೂ ಅಲುಗುವ ಗೆರೆಯನ್ನೂ ಬೇರೆ ಬೇರೆ ವಿಜೆಟ್ ಮಾಡಿ 'ಓವರ್‌ಲೇ'ಯಲ್ಲಿ ಒಂದರ ಮೇಲೊಂದು ಇಡಿ. ಇಲ್ಲವೇ ಸ್ವಂತ ವಿಜೆಟ್ ಬರೆದು 'ಸ್ನ್ಯಾಪ್‌ಶಾಟ್' ಫಂಕ್ಷನ್‌ನಲ್ಲಿ ಬಣ್ಣ, ಟೆಕ್ಸ್‌ಚರ್, ಪಠ್ಯದ ನೋಡ್‌ಗಳನ್ನು ನೇರವಾಗಿ ಸೇರಿಸಿ, ಕೈರೋ ಅನಿವಾರ್ಯವಾದಲ್ಲಿ ಮಾತ್ರ 'ಅಪೆಂಡ್ ಕೈರೋ' ಬಳಸಿ. ಚಿತ್ರ ಬರೆಯುವುದೇ ಮುಖ್ಯವಾದ ಅಪ್ಲಿಕೇಶನ್‌ಗೆ ಈ ಬದಲಾವಣೆಗೆಂದೇ ಪ್ರತ್ಯೇಕ ಸಮಯ ಎತ್ತಿಡಬೇಕು.

## ಟ್ರೀ ವ್ಯೂ ಈಗ ಬೇಡ

'ಟ್ರೀ ವ್ಯೂ', 'ಲಿಸ್ಟ್ ಸ್ಟೋರ್', 'ಕಾಂಬೋ ಬಾಕ್ಸ್' 2023ರ ಮಾರ್ಚ್‌ನಲ್ಲಿ ಬಂದ 4.10ರಿಂದ ಡೆಪ್ರಿಕೇಟೆಡ್. ಎಚ್ಚರಿಕೆ ಕೊಡುತ್ತವೆ, ಆದರೆ ಕೆಲಸ ಮಾಡುತ್ತವೆ, 4 ಇರುವವರೆಗೂ ಇರುತ್ತವೆ. ದಾಟುವ ಕೆಲಸದ ಜೊತೆಗೇ ಇವನ್ನೂ 'ಕಾಲಮ್ ವ್ಯೂ'ಗೆ ಬದಲಿಸಲು ಹೊರಟರೆ, ಯಾವ ದೋಷ ಯಾವುದರಿಂದ ಬಂತು ಎಂದು ಬಿಡಿಸುವುದು ದುಸ್ತರವಾಗುತ್ತದೆ. ಮೊದಲು ದಾಟಿ, ಬಿಡುಗಡೆ ಮಾಡಿ. ಆಮೇಲೆ ಒಂದೊಂದೇ ಪಟ್ಟಿಯನ್ನು ಬದಲಿಸಿ. ಇಲ್ಲಿ ಹಳೆಯದೂ ಹೊಸದೂ ಒಟ್ಟಿಗೆ ಇರಬಲ್ಲವು.

ಬದಲಿಸುವಾಗ ಎರಡು ಎಚ್ಚರಿಕೆ. 'ಲಿಸ್ಟ್ ವ್ಯೂ' ಸಾಲಿನ ವಿಜೆಟ್‌ಗಳನ್ನು ಮರುಬಳಸುತ್ತದೆ. 'ಬೈಂಡ್'ನಲ್ಲಿ ಕಟ್ಟಿದ ಸಿಗ್ನಲನ್ನು 'ಅನ್‌ಬೈಂಡ್'ನಲ್ಲಿ ಬಿಚ್ಚದಿದ್ದರೆ ಒಂದು ಚೆಕ್‌ಬಾಕ್ಸ್ ಒತ್ತಿದಾಗ ಹಿಂದೆ ಅದೇ ಜಾಗದಲ್ಲಿದ್ದ ಸಾಲುಗಳೂ ಬದಲಾಗುತ್ತವೆ. ಎರಡನೆಯದು, ಅದನ್ನು ನೇರವಾಗಿ 'ಸ್ಕ್ರಾಲ್ಡ್ ವಿಂಡೋ'ದೊಳಗೇ ಇಡಬೇಕು. ನಡುವೆ ಒಂದು ಬಾಕ್ಸ್ ಬಂದರೆ ಮರುಬಳಕೆಯ ಲಾಭ ತಪ್ಪಿ ದೊಡ್ಡ ಪಟ್ಟಿ ತೆರೆಯಲು ತಡವಾಗುತ್ತದೆ.

## ಕನಿಷ್ಠ ಆವೃತ್ತಿ ಯಾವುದು?

ಇದನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಹೊರಟರೆ ಅರ್ಧ ದಾರಿಯಲ್ಲಿ ಹಿಂದಿರುಗಬೇಕಾಗುತ್ತದೆ. ಉಬುಂಟು 22.04ರಲ್ಲಿರುವುದು ಜಿಟಿಕೆ 4.6, ಡೆಬಿಯನ್ 12ರಲ್ಲಿ 4.8, ಉಬುಂಟು 24.04ರಲ್ಲಿ 4.14, ಡೆಬಿಯನ್ 13ರಲ್ಲಿ 4.18. ಹೊಸ 'ಫೈಲ್ ಡೈಲಾಗ್', 'ಅಲರ್ಟ್ ಡೈಲಾಗ್' ಬಂದದ್ದು 4.10ರಲ್ಲಿ. ಮೊದಲ ಎರಡು ವ್ಯವಸ್ಥೆಗಳ ಬಳಕೆದಾರರಿಗೆ ಡಿಸ್ಟ್ರೋದ (ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ವ್ಯವಸ್ಥೆಯ) ಪ್ಯಾಕೇಜ್ ಆಗಿಯೇ ತಲುಪಬೇಕಿದ್ದರೆ ಅವು ಸಿಗವು. 'ಫೈಲ್ ಚೂಸರ್ ನೇಟಿವ್'ನಲ್ಲೇ ನಿಲ್ಲಬೇಕು. ಬೇಕಾದ ಲೈಬ್ರರಿಗಳು ಡಿಸ್ಟ್ರೋದಿಂದ ಬೇರೆಯಾಗಿ ಸಿಗುವ ಫ್ಲ್ಯಾಟ್‌ಪ್ಯಾಕ್ ಮೂಲಕ ಕೊಡುವವರಿಗೆ ಈ ಕಟ್ಟು ಇಲ್ಲ. ಹೊಸ 'ಫೈಲ್ ಡೈಲಾಗ್' ಬಳಸುವವರು ಒಂದು ವಿಷಯ ನೆನಪಿಡಬೇಕು: ಬಳಕೆದಾರರು 'ರದ್ದು' ಒತ್ತಿದರೂ ಅದು ಎರರ್ ಆಗಿಯೇ ಬರುತ್ತದೆ. 'ಡಿಸ್ಮಿಸ್ಡ್' ಎಂಬ ಆ ಕೋಡ್ ಗುರುತಿಸಿ ಸುಮ್ಮನಿರಿ, ಎಚ್ಚರಿಕೆಯ ಪೆಟ್ಟಿಗೆ ತೋರಿಸಬೇಡಿ.

ಭಾಷೆಯೂ ಲೆಕ್ಕಕ್ಕೆ ಬರುತ್ತದೆ. ಸಿ, ಸಿ ಪ್ಲಸ್ ಪ್ಲಸ್, ರಸ್ಟ್‌ನಲ್ಲಿ ಇಲ್ಲದ ಫಂಕ್ಷನ್‌ಗಳನ್ನು ಕಂಪೈಲರ್ ಹಿಡಿದುಕೊಡುತ್ತದೆ. ಪೈಥಾನ್‌ನಲ್ಲಿ ಆ ಸಾಲು ಓಡಿದಾಗಲೇ ಗೊತ್ತು. ವರ್ಷಕ್ಕೊಮ್ಮೆ ತೆರೆಯುವ ಎಕ್ಸ್‌ಪೋರ್ಟ್ ಡೈಲಾಗ್ ಬಿಡುಗಡೆಯ ನಂತರ ಒಡೆಯುವುದು ಹೀಗೆ. ಪೈಥಾನ್‌ನವರು ಪ್ರತಿ ವಿಂಡೋ, ಪ್ರತಿ ಮೆನು ಆ್ಯಕ್ಷನ್ ತೆರೆಯುವ ಸ್ಕ್ರಿಪ್ಟ್ ಒಂದನ್ನು ದಾಟುವ ಮುನ್ನವೇ ಬರೆದಿಡಲಿ. ಸಿ ಪ್ಲಸ್ ಪ್ಲಸ್‌ನವರಿಗೆ ಜಿಟಿಕೆಎಂಎಂ 4 ಜೊತೆ ಸಿಗ್‌ಸಿ 3, ಸಿ ಪ್ಲಸ್ ಪ್ಲಸ್ 17 ಬೇಕಾಗುತ್ತವೆ.

## ಲಿಬ್‌ಅದ್ವೈತ ಸೇರಿಸಬೇಕೇ?

2021ರ ಕೊನೆಯ ದಿನ ಇದರ 1.0 ಬಂತು. ಗ್ನೋಮ್‌ನ ಬಳಕೆದಾರರೇ ನಿಮ್ಮವರಾಗಿದ್ದರೆ, ಚಿಕ್ಕ ಪರದೆಯಲ್ಲೂ ಅಪ್ಲಿಕೇಶನ್ ಹೊಂದಿಕೊಳ್ಳಬೇಕಿದ್ದರೆ ಇದು ಒಳ್ಳೆಯ ಆಯ್ಕೆ. ಕಡು ಬಣ್ಣದ ರೂಪ, ಸೆಟ್ಟಿಂಗ್ಸ್ ಪುಟಗಳು, 1.4ರಿಂದ ಬ್ರೇಕ್‌ಪಾಯಿಂಟ್‌ಗಳು, 1.5ರಿಂದ ಪರದೆಯ ಗಾತ್ರಕ್ಕೆ ಹೊಂದುವ ಡೈಲಾಗ್‌ಗಳು ಎಲ್ಲ ಸಿದ್ಧವಾಗಿ ಸಿಗುತ್ತವೆ. ಬದಲಿಗೆ ಬಿಟ್ಟುಕೊಡಬೇಕಾದದ್ದು ಥೀಮ್: ವ್ಯವಸ್ಥೆಯ ಜಿಟಿಕೆ ಥೀಮ್ ಏನೇ ಇದ್ದರೂ ಲಿಬ್‌ಅದ್ವೈತ ತನ್ನದನ್ನೇ ತೋರಿಸುತ್ತದೆ. ಎಕ್ಸ್‌ಎಫ್‌ಸಿಇ, ಮೇಟ್‌ನಂಥ ಬೇರೆ ಡೆಸ್ಕ್‌ಟಾಪ್‌ಗಳನ್ನು ಬಳಸುವವರಿಗೆ ಅದು ಹೊರಗಿನದಂತೆ ಕಾಣುತ್ತದೆ. ಮೆನುಬಾರ್ ಮತ್ತು ಎರಡು ಸಾಲು ಟೂಲ್‌ಬಾರ್ ತುಂಬಿದ ವೃತ್ತಿಪರ ಸಾಧನಕ್ಕೆ ಇದು ಹೊಂದುವುದಿಲ್ಲ, ಒತ್ತಾಯದಿಂದ ತುರುಕಬಾರದು. ಬೇಕೇ ಬೇಕು ಎಂದಾದರೂ ಮೊದಲು ಬರಿಯ ಜಿಟಿಕೆ 4ಕ್ಕೆ ಬಂದು ನೆಲೆಯಾಗಿ, ನಂತರ ಇದನ್ನು ಸೇರಿಸಿ. ಎರಡನ್ನೂ ಒಟ್ಟಿಗೆ ಮಾಡಿದರೆ ಪರದೆಯ ವಿನ್ಯಾಸದ ಚರ್ಚೆಯಲ್ಲಿ ಕೋಡ್ ಸಾಗಿಸುವುದು ಹಿಂದೆ ಬೀಳುತ್ತದೆ.

## ಕ್ಯೂಟಿ 6 ಯಾರಿಗೆ?

ಜಿಟಿಕೆ 4 ಬಂದ ತಿಂಗಳೇ ಕ್ಯೂಟಿ 6 ಕೂಡ ಬಂತು. ನೆಟ್‌ವರ್ಕ್ ಪರೀಕ್ಷಿಸುವ ಸಾಧನ ವೈರ್‌ಶಾರ್ಕ್ 2015ರಲ್ಲಿ 2.0 ಆವೃತ್ತಿಯೊಂದಿಗೆ ಜಿಟಿಕೆಯಿಂದ ಕ್ಯೂಟಿಗೆ ಹೋಗಿ ಅದನ್ನೇ ಮುಖ್ಯ ಇಂಟರ್‌ಫೇಸ್ ಮಾಡಿಕೊಂಡಿತು. ಹಾಗೆ ಹೋಗುವುದು ಸಾಗಣೆಯಲ್ಲ, ಮರುಬರಹ. ಇಂಟರ್‌ಫೇಸ್ ಕೋಡ್‌ನ ಒಂದು ಸಾಲೂ ಉಳಿಯದು. ಸಿ ಭಾಷೆಯ ಒಳಗಿನ ತರ್ಕ ಇಂಟರ್‌ಫೇಸ್‌ನಿಂದ ಬೇರೆಯಾಗಿದ್ದರೆ ಅದನ್ನು ಸಿ ಪ್ಲಸ್ ಪ್ಲಸ್‌ನಿಂದ ಕರೆದುಕೊಂಡು ಮುಂದುವರಿಯಬಹುದು. ಕಾಲ್‌ಬ್ಯಾಕ್‌ಗಳಲ್ಲೇ ತರ್ಕ ಬೆರೆತಿದ್ದರೆ ಮೊದಲು ಬೇರ್ಪಡಿಸಬೇಕು. ಆ ಕೆಲಸವೂ ಜಿಟಿಕೆ 3ರಲ್ಲೇ ಆಗಬೇಕು.

ಬಳಕೆದಾರರಲ್ಲಿ ಹೆಚ್ಚಿನವರು ವಿಂಡೋಸ್ ಅಥವಾ ಮ್ಯಾಕ್‌ನಲ್ಲಿದ್ದರೆ, ಟ್ರೇ ಐಕಾನ್ ಇಲ್ಲದೆ ಅಪ್ಲಿಕೇಶನ್‌ಗೆ ಅರ್ಥವಿಲ್ಲದಿದ್ದರೆ, ಹತ್ತಾರು ಕಾಲಮ್‌ಗಳ ಮರದ ಪಟ್ಟಿಗಳೇ ಮುಖ್ಯವಾಗಿದ್ದರೆ ಈ ಶ್ರಮಕ್ಕೆ ಬೆಲೆಯಿದೆ. ಕ್ಯೂಟಿಯ ಮಾಡೆಲ್-ವ್ಯೂ ವ್ಯವಸ್ಥೆ 5ರಿಂದ 6ಕ್ಕೆ ಬರುವಾಗಲೂ ಹೆಚ್ಚು ಕದಲಲಿಲ್ಲ, ಡೈಲಾಗ್‌ನ 'ಎಕ್ಸೆಕ್' ಕಾದು ಉತ್ತರ ಕೊಡುವ ಹಳೆಯ ರೀತಿಯೂ ಉಳಿದಿದೆ. ಸಿ ಪ್ಲಸ್ ಪ್ಲಸ್ 17 ಕಡ್ಡಾಯ. ವಿಂಡೋಸ್ 7 ಮತ್ತು 8ಕ್ಕೆ ಬೆಂಬಲವಿಲ್ಲ. ಬಹುತೇಕ ಮಾಡ್ಯೂಲ್‌ಗಳು ಎಲ್‌ಜಿಪಿಎಲ್ 3ರಲ್ಲಿ ಸಿಗುತ್ತವೆ, ಚಾರ್ಟ್ಸ್‌ನಂಥ ಕೆಲವು ಜಿಪಿಎಲ್ ಅಥವಾ ವಾಣಿಜ್ಯ ಲೈಸೆನ್ಸ್‌ನಲ್ಲಿ ಮಾತ್ರ. ಬಳಸುವ ಪ್ರತಿ ಮಾಡ್ಯೂಲ್‌ನ ಲೈಸೆನ್ಸ್ ನೋಡಿಯೇ ಮುಂದುವರಿಯಿರಿ.

## ಹಾಗಾದರೆ ಯಾರಿಗೆ ಯಾವುದು

ಟ್ರೇ, ಸಾಕೆಟ್‌ನಂಥ ತಡೆಗಳಿಲ್ಲ, ಲೈಬ್ರರಿಗಳಿಗೆಲ್ಲ ಜೋಡಿ ಇದೆ, ಲಿನಕ್ಸ್ ಬಳಕೆದಾರರೇ ಹೆಚ್ಚು ಎಂದಾದರೆ ಜಿಟಿಕೆ 4ಕ್ಕೆ ನೇರವಾಗಿ ಬನ್ನಿ. ತಡೆ ಒಂದೇ ಇದ್ದು ಅದು ಬೇರೆಯವರ ಲೈಬ್ರರಿಯದಾದರೆ 3ರಲ್ಲಿದ್ದು ಸಿದ್ಧತೆ ಮುಂದುವರಿಸಿ. ಅಪ್ಲಿಕೇಶನ್‌ಗೆ ಹೊಸ ಸೌಲಭ್ಯಗಳೇನೂ ಬರುತ್ತಿಲ್ಲ, ನಿರ್ವಹಣೆಗೆ ಒಬ್ಬರೇ ಇದ್ದಾರೆ ಎಂದರೆ 3ರಲ್ಲೇ ಇರುವುದು ಗೌರವದ ಆಯ್ಕೆ. ಹೇಗೂ ಇಂಟರ್‌ಫೇಸ್ ಪೂರ್ತಿ ಬದಲಿಸಬೇಕೆಂದು ತೀರ್ಮಾನಿಸಿದ್ದರೆ ಮಾತ್ರ ಲಿಬ್‌ಅದ್ವೈತ ಅಥವಾ ಕ್ಯೂಟಿಯ ಮಾತು.

4ಕ್ಕೆ ದಾಟಿ ಬಿಡುಗಡೆ ಮಾಡುವವರು ಸ್ವಲ್ಪ ಕಾಲ 3ರ ಶಾಖೆಯನ್ನು ದೋಷ ಪರಿಹಾರಕ್ಕೆ ಇಟ್ಟುಕೊಳ್ಳಿ. ಹಳೆಯ ಗ್ರಾಫಿಕ್ಸ್ ಡ್ರೈವರ್ ಇರುವ ಯಂತ್ರಗಳಿಂದ ಕಪ್ಪು ವಿಂಡೋ, ಮಿನುಗುವ ಪಠ್ಯದ ದೂರು ಬರಬಹುದು. 4.14ರಲ್ಲಿ ಹೊಸ ರೆಂಡರರ್‌ಗಳು ಬಂದವು, 4.16ರಲ್ಲಿ ವೇಲ್ಯಾಂಡ್ ಮೇಲೆ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಯ ರೆಂಡರರ್ ಸಹಜ ಆಯ್ಕೆಯಾಯಿತು; ಹಾಗಾಗಿ ಒಂದೇ ಕೋಡ್ ಎರಡು ಡಿಸ್ಟ್ರೋಗಳಲ್ಲಿ ಬೇರೆ ಬೇರೆ ರೆಂಡರರ್‌ನಲ್ಲಿ ಓಡುತ್ತಿರುತ್ತದೆ. ದೂರು ಬಂದಾಗ 'ಜಿಎಸ್‌ಕೆ_ರೆಂಡರರ್' ಎಂಬ ಎನ್‌ವಿರಾನ್‌ಮೆಂಟ್ ವೇರಿಯೇಬಲ್‌ಗೆ ಕೈರೋ ಎಂದು ಕೊಟ್ಟು ಓಡಿಸಲು ಹೇಳಿ. ತೊಂದರೆ ಮಾಯವಾದರೆ ದೋಷವನ್ನು ಡ್ರೈವರ್ ಅಥವಾ ರೆಂಡರರ್‌ನಲ್ಲಿ ಹುಡುಕಿ. ಹಾಗೆಯೇ ಉಳಿದರೆ ಕಂಟ್ರೋಲ್, ಶಿಫ್ಟ್ ಜೊತೆ ಡಿ ಒತ್ತಿ ಇನ್‌ಸ್ಪೆಕ್ಟರ್ ತೆರೆದು, ಕೆಟ್ಟ ವಿಜೆಟ್‌ನ ಗಾತ್ರ ಮತ್ತು ವಿಸಿಬಲ್ ಬೆಲೆಯಿಂದ ಶುರುಮಾಡಿ.